ಹಿಮದ ವರದಿಯಲ್ಲಿ ಏನಿರಬೇಕು, ಫೋಟೊದಲ್ಲಿ ಏನು ಕಾಣಬೇಕು

ಪತ್ರದ ಸಾರ: ಸಿಯಾಟಲ್ ಬಳಿ ನೆಲೆಸಿರುವ ಓದುಗರೊಬ್ಬರು ಸ್ನೊಕ್ವಾಲ್ಮಿ ಪಾಸ್ ಸುತ್ತಿನ ತಮ್ಮ ಬ್ಯಾಕ್‌ಕಂಟ್ರಿ (ಕಾವಲಿಲ್ಲದ ಕಾಡುಬೆಟ್ಟದ) ಸ್ಕೀ ಪ್ರವಾಸದ ವರದಿಯನ್ನೂ ಒಂದಷ್ಟು ಫೋಟೊಗಳನ್ನೂ ಕಳಿಸಿದ್ದರು. ಜಿಪಿಎಸ್ ಜಾಡು ತೆಗೆದು, ಇಳಿಜಾರಿನ ದಿಕ್ಕು, ಎತ್ತರ, ಹೊತ್ತು ಸೇರಿಸಿಕೊಡಿ ಎಂದು ನಾವು ಹಿಂದಿರುಗಿಸಿದೆವು. ಅವರಿಗೆ ಬೇಸರವಾಗಿದೆ. “ಇದೇನು ಪ್ರವಾಸದ ಬರಹವೋ, ಕಾಲೇಜಿನ ಲ್ಯಾಬ್ ರೆಕಾರ್ಡೋ? ಓದುವವರಿಗೆ ಹಿಮದ ಸೊಗಸು ಬೇಕು. ದಾರಿ ಬಚ್ಚಿಟ್ಟರೆ ಯಾರಿಗೆ ಲಾಭ? ಬೆಂಗಳೂರಿನಲ್ಲಿರುವ ನನ್ನ ತಮ್ಮ ಮುಂದಿನ ಚಳಿಗಾಲ ಸ್ನೇಹಿತರ ಜೊತೆ ಗುಲ್ಮಾರ್ಗ್‌ಗೆ ಹೊರಟಿದ್ದಾನೆ, ಅವನಿಗೂ ಉಪಯೋಗವಾಗಲಿ ಎಂದು ಬರೆದೆ” ಎಂದಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಸೊಗಸು ಬೇಡವೆಂದು ನಾವು ಹೇಳಿಲ್ಲ. ಬೆಳಗಿನ ಏರಿಕೆಯ ಬಗ್ಗೆ ನೀವು ಬರೆದದ್ದು ಒಂದಕ್ಷರವೂ ಬದಲಾಗದೆ ಅಚ್ಚಾಗುತ್ತದೆ. ನಮ್ಮ ಕೈ ತಡೆದದ್ದು ಒಂದು ವಾಕ್ಯ: “ಮೂರು ಸಲ ಇಳಿದೆವು, ಹಿಮ ಗಟ್ಟಿಯಾಗಿ ಕೂತಿತ್ತು, ಅಪಾಯವೇನೂ ಇರಲಿಲ್ಲ.”

ಮೂರು ಸಲ ಇಳಿದರೂ ಇಳಿಜಾರು ಜಾರಲಿಲ್ಲ ಎಂಬುದಕ್ಕೆ ಎರಡು ಅರ್ಥವಿರಬಹುದು. ಹಿಮ ನಿಜವಾಗಿಯೂ ಗಟ್ಟಿಯಿತ್ತು, ಇಲ್ಲವೇ ದುರ್ಬಲ ಪದರ ಮೇಲಕ್ಕೆ ಹತ್ತಿರವಿರುವ ಜಾಗದ ಮೇಲೆ ನಿಮ್ಮ ಸ್ಕೀ ಹಾಯಲಿಲ್ಲ. ಬಂಡೆಗಳ ಪಕ್ಕದಲ್ಲಿ, ಉಬ್ಬುಗಳ ಮೇಲೆ ಹಿಮ ತೆಳುವಾಗಿರುತ್ತದೆ. ಅಂಥ ಕಡೆ ಬಿದ್ದ ಭಾರ ಒಳಗಿನ ಪದರವನ್ನು ಮುಟ್ಟಿ ಇಡೀ ಇಳಿಜಾರನ್ನು ಬಿಡಿಸಬಹುದು. ಹತ್ತು ಜನ ಇಳಿದ ಮೇಲೆ ಹನ್ನೊಂದನೆಯವರ ಕಾಲಡಿ ಹಿಮ ಒಡೆಯುವುದು ಹೀಗೆ. ನಿಮ್ಮ ಆ ವಾಕ್ಯ ಓದಿ ಮುಂದಿನ ವಾರ ಅಲ್ಲಿಗೆ ಹೋಗುವವರಿಗೆ ಈ ಎರಡರಲ್ಲಿ ಯಾವುದು ನಿಜವೆಂದು ತಿಳಿಯುವ ದಾರಿಯೇ ಇಲ್ಲ.

ಅದೇ ಜಾಗದಲ್ಲಿ ಹೀಗೆ ಬರೆದು ನೋಡಿ (ಅಂಕಿಗಳು ಮಾದರಿಗೆ ಮಾತ್ರ): “ಬೆಳಿಗ್ಗೆ 10:40. ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರು, 4,600 ಅಡಿ, ಅಳೆದಾಗ 33 ಡಿಗ್ರಿ. ಹಳೆಯ ಗಟ್ಟಿ ಪೊರೆಯ ಮೇಲೆ 35 ಸೆಂ.ಮೀ. ಹೊಸ ಹಿಮ. ಸ್ಕೀ ತುದಿಯಿಂದ ಬಿರುಕು ಓಡಲಿಲ್ಲ, ಹಿಮ ಕುಸಿದು ಕೂರುವ ಸದ್ದು ಕೇಳಲಿಲ್ಲ. ಮಧ್ಯಾಹ್ನ 1ಕ್ಕೆ ಗಾಳಿ ಎದ್ದು ಏಣಿನ ಈಚೆ ಬದಿಗೆ ಹಿಮ ತುಂಬತೊಡಗಿತು, ಹಾಗಾಗಿ ನಾಲ್ಕನೆಯ ಸಲ ಇಳಿಯದೆ ಮರಗಳ ನಡುವೆ ವಾಪಸಾದೆವು.” ಇದರಲ್ಲಿ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಎಲ್ಲಿ ಇಳಿದೆವು ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಎಲ್ಲಿ ಬಿಟ್ಟೆವು, ಏಕೆ ಬಿಟ್ಟೆವು ಎಂಬುದನ್ನು ಬರೆಯುವವರು ಕಡಿಮೆ.

ದಿಕ್ಕು, ಎತ್ತರ, ಹೊತ್ತು ಏಕೆ ಬೇಕೆಂದು ಕೇಳಿದ್ದೀರಿ. ಸ್ನೊಕ್ವಾಲ್ಮಿ ಪಾಸ್ ಇರುವುದು ಸುಮಾರು 3,000 ಅಡಿಯಲ್ಲಿ, ಮೌಂಟ್ ರೇನಿಯರ್‌ನ ಪ್ಯಾರಡೈಸ್ 5,400 ಅಡಿಯಲ್ಲಿ. ಪೆಸಿಫಿಕ್ ಕಡೆಯಿಂದ ಬರುವ ಒಂದೇ ಬಿರುಗಾಳಿ ಕೆಳಗೆ ಮಳೆಯಾಗಿ, ಮೇಲೆ ಹಿಮವಾಗಿ ಬೀಳುತ್ತದೆ. ಮಳೆ ಬಿದ್ದ ಕಡೆ ಮೇಲ್ಮೈ ಹೆಪ್ಪುಗಟ್ಟಿ ಗಾಜಿನಂಥ ಪೊರೆಯಾಗುತ್ತದೆ, ಮುಂದಿನ ಹಿಮ ಅದರ ಮೇಲೆ ಕೂರುತ್ತದೆ. ಅದೇ ಬೆಟ್ಟದ ದಕ್ಷಿಣ ಮುಖ ಬಿಸಿಲಿಗೆ ಒದ್ದೆಯಾಗುವ ಹೊತ್ತಿಗೆ ಉತ್ತರ ಮುಖದಲ್ಲಿ ಒಣ ಪೌಡರ್ ಉಳಿದಿರುತ್ತದೆ. ಈ ಮೂರು ವಿವರಗಳಿಲ್ಲದ ವರದಿ ಇಡೀ ಬೆಟ್ಟದ ವಿಷಯ ಹೇಳಿದಂತೆ ತೋರುತ್ತದೆ, ಹೇಳಿರುವುದು ಮಾತ್ರ ಒಂದು ಮೂಲೆಯದು.

ಇಳಿಜಾರು ಎಷ್ಟು ಕಡಿದಾಗಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಸ್ಕೀ ಕೋಲನ್ನು ಇಳಿಜಾರಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಫೋನಿನ ಕೋನಮಾಪಕವಿಟ್ಟು ಓದಿ. ಹಲಗೆಯಂತೆ ಒಡೆದು ಬರುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ನಡುವೆ, ಅದರಲ್ಲೂ 38ರ ಆಸುಪಾಸಿನಲ್ಲಿ. ನೀವು ನಿಂತ ಜಾಗ 25 ಡಿಗ್ರಿ ಇದ್ದರೂ ತಲೆಯ ಮೇಲಿನದು 40 ಇರಬಹುದು, ಅದನ್ನೂ ಬರೆಯಿರಿ. ಕಡಿದನ್ನು ಬಣ್ಣದಲ್ಲಿ ತೋರಿಸುವ ನಕ್ಷೆ ನೋಡಿ ಬರೆದಿದ್ದರೆ ಹಾಗೆಂದೇ ತಿಳಿಸಿ, ಏಕೆಂದರೆ ಸಣ್ಣ ಕಡಿದಾದ ತುಂಡುಗಳು ನಕ್ಷೆಯ ಲೆಕ್ಕದಲ್ಲಿ ತಪ್ಪಿಹೋಗುತ್ತವೆ.

ಹಿಮದ ಪದರಗಳನ್ನು ಪರೀಕ್ಷಿಸಲು ಗುಂಡಿ ತೋಡಿದ್ದೀರಿ, ಒಳ್ಳೆಯದು. ಆದರೆ “ಟೆಸ್ಟ್ ಪಾಸಾಯಿತು” ಎಂದು ಬರೆದಿದ್ದೀರಿ. ನೀವು ಮಾಡಿದ ಎಕ್ಸ್‌ಟೆಂಡೆಡ್ ಕಾಲಂ ಟೆಸ್ಟ್‌ನಲ್ಲಿ ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ., ಒಳಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯ ಅಲಗಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟುತ್ತಾರೆ. ಓದುಗರಿಗೆ ಬೇಕಾದದ್ದು: ಎಷ್ಟನೆಯ ತಟ್ಟಿಗೆ ಒಡೆಯಿತು, ಮೇಲಿನಿಂದ ಎಷ್ಟು ಸೆಂ.ಮೀ. ಕೆಳಗೆ, ಬಿರುಕು ಕಂಬದ ಆ ತುದಿಯವರೆಗೆ ಓಡಿತೇ ಇಲ್ಲವೇ. 12ನೆಯ ತಟ್ಟಿಗೆ ಆ ತುದಿಯವರೆಗೆ ಓಡಿದರೆ ಅದು ಗಂಭೀರ ಎಚ್ಚರಿಕೆ. ಒಡೆಯಲೇ ಇಲ್ಲ ಎಂದರೆ ಆ ಒಂದು ಗುಂಡಿಯಲ್ಲಿ ಒಡೆಯಲಿಲ್ಲ ಎಂದಷ್ಟೇ.

ಇನ್ನು ಫೋಟೊ. ನಿಮ್ಮ ಐದನೆಯ ಚಿತ್ರದಲ್ಲಿ ಇಳಿಜಾರು ಗೋಡೆಯಂತೆ ನಿಂತಿದೆ. ಹಿಂದಿನ ಫರ್ ಮರಗಳ ಕಾಂಡ ನೋಡಿ, ಎಲ್ಲವೂ ಒಂದೇ ಕಡೆ ವಾಲಿವೆ. ಕ್ಯಾಮೆರಾ ಓರೆಯಾಗಿದೆ. ಕಾಂಡಗಳು ನೇರ ನಿಲ್ಲುವಂತೆ ತಿರುಗಿಸಿದರೆ ಇಳಿಜಾರು ಇದ್ದಂತೆ ಕಾಣುತ್ತದೆ, ನಾವು ಅದನ್ನೇ ಅಚ್ಚು ಹಾಕುತ್ತೇವೆ. ಅಗಲ ನೋಟದ ಲೆನ್ಸ್‌ನಲ್ಲಿ ಮೇಲಿನಿಂದ ತೆಗೆದರೆ ಕಡಿದಾದದ್ದೂ ಚಪ್ಪಟೆ ಕಾಣುತ್ತದೆ. ಎದುರು ಬೆಟ್ಟದಿಂದ ಜೂಮ್ ಮಾಡಿದರೆ ಸಾಧಾರಣ ಇಳಿಜಾರೂ ಗೋಡೆಯಾಗುತ್ತದೆ. ಪಕ್ಕದಿಂದ ತೆಗೆದದ್ದೇ ನಿಜಕ್ಕೆ ಹತ್ತಿರ. ಹಿಮ ಬೂದಿ ಬಣ್ಣಕ್ಕೆ ತಿರುಗಿದ್ದರೆ ಕಾರಣ ಕ್ಯಾಮೆರಾದ ಬೆಳಕಿನ ಲೆಕ್ಕ, ಎಕ್ಸ್‌ಪೋಷರ್ ಅನ್ನು +1ರಷ್ಟು ಏರಿಸಿ. ಒಡೆದ ಅಂಚನ್ನೋ ಗುಂಡಿಯನ್ನೋ ತೆಗೆಯುವಾಗ ಸೆಂ.ಮೀ. ಗುರುತುಳ್ಳ ಪ್ರೋಬ್ (ಹೂತವರನ್ನು ಹುಡುಕಲು ಹಿಮಕ್ಕೆ ಚುಚ್ಚುವ ಉದ್ದ ಕೋಲು) ಪಕ್ಕದಲ್ಲಿ ನಿಲ್ಲಿಸಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಹೊತ್ತಿನ ದಾಖಲೆಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪುಟದಲ್ಲಿ 8 ಇಂಚು ಅಗಲಕ್ಕೆ 2,400 ಪಿಕ್ಸೆಲ್ ಬೇಕು.

ಒಂದು ಚಿತ್ರವನ್ನು ಮಾತ್ರ ನಾವು ಹಾಕುವುದೇ ಇಲ್ಲ. ಅದರಲ್ಲಿ ಇಬ್ಬರು ಇಳಿಜಾರಿನ ನಡುವೆ ನಿಂತು, ಮೂರನೆಯವರು ಮೇಲಿನಿಂದ ಬರುವುದನ್ನು ತೆಗೆಯುತ್ತಿದ್ದಾರೆ. ಹಿಮ ಒಡೆದಿದ್ದರೆ ಮೂವರೂ ಅದರಡಿ, ತೋಡಿ ತೆಗೆಯಲು ಸಾಕಷ್ಟು ಜನರೇ ಇಲ್ಲ. ಚಿತ್ರ ತೆಗೆಯುವವರು ನಿಲ್ಲಬೇಕಾದದ್ದು ಏಣಿನ ಮೇಲೆ, ಇಲ್ಲವೇ ಹಿಮ ಹರಿದು ಬಾರದ ಒತ್ತಾದ ಮರಗಳ ಮರೆಯಲ್ಲಿ. ಇನ್ನೊಂದು ವಿಷಯ, ಇದನ್ನು ಎಷ್ಟು ಹೇಳಿದರೂ ಸಾಲದು: ಫೋನು, ಎದೆಗೆ ಕಟ್ಟುವ ವಿಡಿಯೊ ಕ್ಯಾಮೆರಾ, ಬ್ಯಾಟರಿಯ ಗ್ಲೌಸ್ ಇವೆಲ್ಲ ಬೀಕನ್‌ನ (ಹೂತವರನ್ನು ಹುಡುಕಲು ಮೈಮೇಲೆ ಕಟ್ಟಿಕೊಳ್ಳುವ ರೇಡಿಯೊ ಸಾಧನ) ಸಂಕೇತವನ್ನು ಕೆಡಿಸುತ್ತವೆ. ಬೀಕನ್ ಸಂಕೇತ ಕಳಿಸುತ್ತಿರುವಾಗ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ. ಫೋನು ತೊಡೆಯ ಜೇಬಿನಲ್ಲಿ, ಬೀಕನ್ ಎದೆಯ ಮೇಲೆ.

ಜಿಪಿಎಸ್ ಜಾಡು ತೆಗೆದದ್ದು ದಾರಿ ಬಚ್ಚಿಡಲಿಕ್ಕಲ್ಲ. ಜಾಡು ಕೈಯಲ್ಲಿದ್ದವರು ತಲೆ ತಗ್ಗಿಸಿ ಪರದೆಯ ಗೆರೆ ಹಿಡಿದು ನಡೆಯುತ್ತಾರೆ. ಆ ಗೆರೆ ಹಾಕಿದ್ದು ಬೇರೊಂದು ದಿನದ ಹಿಮದ ಮೇಲೆ. ಅಮೆರಿಕದಲ್ಲಿ 1972ರಿಂದ 2003ರವರೆಗಿನ 715 ಹಿಮಕುಸಿತ ಅವಘಡಗಳನ್ನು ಪರಿಶೀಲಿಸಿದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್, ಪರಿಚಿತ ಜಾಗ, ಮುಂದೆ ಹೋದವರ ಮೇಲಿನ ನಂಬಿಕೆ, ಮೊದಲ ಗುರುತು ತಮ್ಮದಾಗಲಿ ಎಂಬ ಆಸೆ ಇಂಥವು ಜನರನ್ನು ಎಳೆಯುವ ಬಗೆಯನ್ನು ತೋರಿಸಿದರು. 2012ರ ಫೆಬ್ರವರಿ 19ರಂದು ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಮೂವರು ಸತ್ತರು. ಅಂದು ಹೊರಟಿದ್ದ 16 ಜನರ ಗುಂಪಿನಲ್ಲಿ ಆ ಬೆಟ್ಟವನ್ನು ಚೆನ್ನಾಗಿ ಬಲ್ಲವರೇ ಹಲವರಿದ್ದರು. ನಿಮ್ಮ ದೂರದ ನೋಟದ ಚಿತ್ರದ ಮೇಲೆ ಏರಿದ ದಾರಿ, ಇಳಿದ ದಾರಿ ಎರಡನ್ನೂ ಗೆರೆಯೆಳೆದು ಕೊಡಿ, ಅಷ್ಟು ಸಾಕು.

ನಮಗೆ ಕಳಿಸುವ ಮೊದಲು ಇದನ್ನು ಅದೇ ಸಂಜೆ ನಿಮ್ಮ ಕಡೆಯ ಹಿಮಕುಸಿತ ಮುನ್ಸೂಚನಾ ಕೇಂದ್ರವಾದ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ಗೆ ಕಳಿಸಿ. ಮರುದಿನದ ಮುನ್ಸೂಚನೆ ಬರೆಯುವವರಿಗೆ ನಿಮ್ಮ ಎರಡು ಸಾಲು, ಒಂದು ಫೋಟೊ ಕೆಲಸಕ್ಕೆ ಬರುತ್ತದೆ. ನಮ್ಮ ಪತ್ರಿಕೆ ಕೈಸೇರುವ ಹೊತ್ತಿಗೆ ಆ ಹಿಮವೇ ಇರುವುದಿಲ್ಲ.

ತಮ್ಮನವರ ವಿಷಯಕ್ಕೆ ಬಂದರೆ, ನಿಮ್ಮ ವರದಿಯ ಹಿಮದ ಮಾತು ಅವರಿಗೆ ಹೊಂದುವುದಿಲ್ಲ. ನೀವು ಹೋದ ಕ್ಯಾಸ್ಕೇಡ್ಸ್ ಬೆಟ್ಟಸಾಲಿನ ತೇವದ, ದಪ್ಪ ಹಿಮ ಬಿರುಗಾಳಿ ನಿಂತ ಒಂದೆರಡು ದಿನದಲ್ಲಿ ಬಹಳ ಸಲ ಕೂತುಬಿಡುತ್ತದೆ. ಕೊಲರಾಡೊದಂಥ ಒಣ, ತೆಳು ಹಿಮದ ನಾಡಿನಲ್ಲಿ ತಳದ ಹಿಮ ಸಕ್ಕರೆ ಹರಳಿನಂತೆ ಸಡಿಲವಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. “ಎರಡು ದಿನ ಕಾದರೆ ಸಾಕು” ಎಂಬ ನಿಮ್ಮ ಮಾತು ಬೇರೆ ನಾಡಿನ ಬೆಟ್ಟದಲ್ಲಿ ಜೀವ ತೆಗೆಯಬಹುದು. ಗುಲ್ಮಾರ್ಗ್‌ನ ಗೊಂಡೊಲಾ ಅಫರ್ವತ್ ಮೇಲೆ 3,900 ಮೀಟರ್‌ಗೂ ಎತ್ತರಕ್ಕೆ ಒಯ್ದು ಬಿಡುತ್ತದೆ, ಅಲ್ಲಿಂದ ಸ್ಕೀ ಗಸ್ತಿನವರು ಕಾಯುವ ಗಡಿ ದಾಟಿದರೆ ಬ್ಯಾಕ್‌ಕಂಟ್ರಿಯೇ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯವಾದ ಡಿಜಿಆರ್‌ಇ ಕೊಡುವ ಹಿಮಕುಸಿತ ಎಚ್ಚರಿಕೆ ಜಿಲ್ಲೆ, ಎತ್ತರ ಹಿಡಿದು ಹೇಳುವಂಥದ್ದು, ಒಂದೊಂದು ಇಳಿಜಾರಿನದಲ್ಲ. ಹಾಗಾಗಿ ಅಲ್ಲಿನ ಹಿಮ ಬಲ್ಲ ಗೈಡ್ ಜೊತೆಗಿರಲಿ. ಬೀಕನ್, ಸಲಿಕೆ, ಪ್ರೋಬ್ ಮೂರೂ ಪ್ರತಿಯೊಬ್ಬರ ಬಳಿಯೂ ಇರಲಿ. ಬಾಡಿಗೆಗೆ ತೆಗೆದುಕೊಂಡರೆ ಬೀಕನ್‌ನ ಬ್ಯಾಟರಿ ಎಷ್ಟಿದೆ ಎಂದು ಅಂಗಡಿಯಲ್ಲೇ ನೋಡಿಕೊಳ್ಳಲಿ. ಗೊಂಡೊಲಾ ಹತ್ತುವ ಮೊದಲು, ಒಬ್ಬರು ಹಿಮದಲ್ಲಿ ಹೂತಿಟ್ಟ ಬೀಕನ್ ಅನ್ನು ಉಳಿದವರು ಹುಡುಕಿ, ಪ್ರೋಬ್ ಹಾಕಿ, ತೋಡಿ ತೆಗೆಯುವ ಅಭ್ಯಾಸ ಮಾಡಲಿ. ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ತೆಗೆದರೆ ಬದುಕುವವರೇ ಹೆಚ್ಚು, ಆಮೇಲೆ ಆ ಅವಕಾಶ ವೇಗವಾಗಿ ಇಳಿಯುತ್ತದೆ.