ಓಡುವಾಗ ಬಿದ್ದ ಹುಡುಗಿ ಮತ್ತು ಪೊಟ್ಯಾಸಿಯಂ ಬಾಗಿಲು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಶಾಲೆಯಲ್ಲಿ ಓಡುವಾಗ ಎರಡು ಸಲ ಎಚ್ಚರ ತಪ್ಪಿ ಬಿದ್ದಳು. ಫಿಟ್ಸ್ ಅಂದುಕೊಂಡು ಕೈಗೆ ಕೀಲಿಕೈ ಹಿಡಿಸಿದರು. ಕಲಬುರಗಿಯಲ್ಲಿ ಇಸಿಜಿ ಮಾಡಿಸಿದಾಗ ಕ್ಯೂಟಿ 500 ಮಿಲಿಸೆಕೆಂಡ್ ಬಂತು. ಜೀನ್ ಪರೀಕ್ಷೆಯಲ್ಲಿ ‘ಕೆಸಿಎನ್‌ಕ್ಯೂ1, ಪೊಟ್ಯಾಸಿಯಂ ಚಾನೆಲ್’ ತೊಂದರೆ ಎಂದಿದೆ. ದಿನಾ ಎಳನೀರು, ಬಾಳೆಹಣ್ಣು ಕೊಡುತ್ತಿದ್ದೇವೆ, ಸಾಕಾ? ನಾನು ಮದುವೆಯಾಗಿದ್ದು ಸೋದರಮಾವನ ಮಗನನ್ನು. ಅದಕ್ಕೇ ಹೀಗಾಯಿತಾ?
– ಒಬ್ಬ ತಾಯಿ, ಚಿತ್ತಾಪುರ

ಉತ್ತರ: ಅಮ್ಮಾ, ಮೊದಲು ಎಳನೀರಿನ ಮಾತು. ನೀವು ಕಳಿಸಿದ ವರದಿಯಲ್ಲಿ ರಕ್ತದ ಪೊಟ್ಯಾಸಿಯಂ 4.2 ಇದೆ. 3.5ರಿಂದ 5ರೊಳಗೆ ಇದ್ದರೆ ಸರಿ. ನಿಮ್ಮ ಮಗಳಿಗೆ ಪೊಟ್ಯಾಸಿಯಂ ಕಡಿಮೆ ಬಿದ್ದಿಲ್ಲ. ಗೋದಾಮಿನ ತುಂಬ ತೊಗರಿ ಚೀಲ ಇದ್ದರೂ ಬಾಗಿಲು ಸರಿಯಾಗಿ ತೆರೆಯದಿದ್ದರೆ ಮಾಲು ಹೊರಗೆ ಹೋಗುತ್ತಾ? ಕೆಸಿಎನ್‌ಕ್ಯೂ1 ಅನ್ನೋದು ಆ ಬಾಗಿಲು ಕಟ್ಟುವ ಜೀನ್. ಅದರಿಂದ ಆಗುವ ಪ್ರೋಟೀನಿನ ನಾಲ್ಕು ಎಳೆಗಳು ಸೇರಿ ಜೀವಕೋಶದ ಪೊರೆಯಲ್ಲಿ ಒಂದು ದಾರಿ ಆಗುತ್ತದೆ, ಅದೇ ಚಾನೆಲ್. ಕೋಶದೊಳಗೆ ಪೊಟ್ಯಾಸಿಯಂ ಹೊರಗಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ. ಪ್ರತಿ ಬಡಿತ ಆದಮೇಲೆ ಅದು ಈ ದಾರಿಯಲ್ಲಿ ಹೊರಗೆ ಹರಿದರೇ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗೋದು. ಹರಿಯುವುದು ತಡವಾದರೆ ಇಸಿಜಿಯಲ್ಲಿ ಕ್ಯೂಟಿ, ಅಂದರೆ ಹೃದಯ ಒಮ್ಮೆ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ, ಉದ್ದವಾಗುತ್ತದೆ. ಈ ತೊಂದರೆಗೇ ಲಾಂಗ್ ಕ್ಯೂಟಿ ಅನ್ನೋದು.

ಸುಮ್ನೆ ಕೂತಾಗ ಬೇರೆ ಚಾನೆಲ್‌ಗಳು ಹೇಗೋ ನಿಭಾಯಿಸುತ್ತವೆ. ಓಡುವಾಗ ಹೃದಯದ ಬಡಿತ ಜೋರಾಗುತ್ತದೆ, ಬೇಗ ಬೇಗ ಸಜ್ಜಾಗಬೇಕು. ಆಗ ಹೆಚ್ಚು ದುಡಿಯಬೇಕಾದದ್ದು ಈ ಚಾನೆಲ್ಲೇ. ಅದಕ್ಕೇ ಅವಳು ಮೈದಾನದಲ್ಲಿ ಬಿದ್ದಳು. ಇದೇ ಕಾರಣಕ್ಕೆ ಬಾವಿಗೆ, ಕೆರೆಗೆ ಈಜಲು ಕಳಿಸಲೇಬೇಡಿ. ಈ ಬಗೆಯ ಲಾಂಗ್ ಕ್ಯೂಟಿಯಲ್ಲಿ ಈಜು ತುಂಬಾ ಅಪಾಯ. ನೀರಿನಲ್ಲಿ ಎಚ್ಚರ ತಪ್ಪಿದರೆ ಏನು ಗತಿ?

ಡಾಕ್ಟರು ಪ್ರೊಪ್ರನೊಲಾಲ್ ಥರದ ಬೀಟಾ ಬ್ಲಾಕರ್, ಅಂದರೆ ಬಡಿತ ಜೋರಾಗದಂತೆ ತಡೆಯುವ ಮಾತ್ರೆ ಬರೆದಿರುತ್ತಾರೆ. ಒಂದು ಹೊತ್ತೂ ತಪ್ಪಿಸಬೇಡಿ, ಜಾತ್ರೆಗೆ ಹೋದಾಗಲೂ. ಆರಾಮಾದಳು ಅಂತ ನೀವೇ ನಿಲ್ಲಿಸಬೇಡಿ.

ನನಗೆ ಹೆಚ್ಚು ಭಯ ನಮ್ಮ ಕಡೆಯ ಬೇಸಿಗೆಯದು. ಮೇ ತಿಂಗಳ ಬಿಸಿಲಲ್ಲಿ ವಾಂತಿ ಭೇದಿ ಶುರುವಾದರೆ ಪೊಟ್ಯಾಸಿಯಂ ನಿಜವಾಗಿಯೂ ಇಳಿಯುತ್ತದೆ. ಅದೇ ಹೊತ್ತಿಗೆ ಮೆಡಿಕಲ್ ಅಂಗಡಿಯಿಂದ ವಾಂತಿ ನಿಲ್ಲಿಸುವ ಡಾಂಪೆರಿಡೋನ್ ಅಥವಾ ಒಂಡಾನ್ಸೆಟ್ರಾನ್ ತಂದು ನುಂಗಿಸುತ್ತಾರೆ. ಇವು ಹೃದಯದ ಇನ್ನೊಂದು ಪೊಟ್ಯಾಸಿಯಂ ಬಾಗಿಲನ್ನು ಅಡ್ಡಗಟ್ಟಬಲ್ಲವು. ಒಂದು ಬಾಗಿಲು ಮೊದಲೇ ಕೆಟ್ಟಿದೆ, ಇನ್ನೊಂದಕ್ಕೂ ಅಗುಳಿ ಹಾಕಿದಂತೆ. ಅಜಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ವಿಷಯದಲ್ಲೂ ಇದೇ ಎಚ್ಚರ ಬೇಕು. ‘ಲಾಂಗ್ ಕ್ಯೂಟಿ ಇದೆ’ ಎಂದು ಒಂದು ಚೀಟಿ ಬರೆದು ಅವಳ ಸ್ಕೂಲ್ ಬ್ಯಾಗಿನಲ್ಲಿ ಇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಅದನ್ನು ಮೊದಲು ತೋರಿಸಿ.

ಇನ್ನು ಮದುವೆಯ ಮಾತು. ಅವಳ ವರದಿಯಲ್ಲಿ ಜೀನಿನ ಒಂದು ಪ್ರತಿ ಮಾತ್ರ ಕೆಟ್ಟಿದೆ. ಅದು ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಸಂಬಂಧದಲ್ಲೇ ಮದುವೆಯಾಗಬೇಕೆಂದಿಲ್ಲ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಎರಡೂ ಪ್ರತಿ ಕೆಟ್ಟರೆ ಮಗು ಹುಟ್ಟಿನಿಂದಲೇ ಕಿವುಡಾಗುತ್ತದೆ, ಯಾಕೆಂದರೆ ಒಳಕಿವಿಯಲ್ಲೂ ಇದೇ ಚಾನೆಲ್ ಇದೆ. ಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಕಿವುಡುತನ ಮತ್ತು ಎಚ್ಚರ ತಪ್ಪುವುದು ಜೊತೆಗೇ ಇದ್ದ ಮಕ್ಕಳ ಬಗ್ಗೆ ನಾರ್ವೆಯ ಇಬ್ಬರು ವೈದ್ಯರು 1957ರಲ್ಲೇ ಬರೆದಿದ್ದರು. ನೀವು, ನಿಮ್ಮ ಯಜಮಾನರು, ಉಳಿದ ಮಕ್ಕಳು ಎಲ್ಲರೂ ಇಸಿಜಿ ಮಾಡಿಸಿ.

ಮತ್ತೆ ಬಿದ್ದರೆ ಕೀಲಿಕೈ ಹುಡುಕುತ್ತಾ ಹೊತ್ತು ಕಳೆಯಬೇಡಿ. ಉಸಿರು ಇಲ್ಲದಿದ್ದರೆ ಎದೆ ನಡುವೆ ಜೋರಾಗಿ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಪ್ರಶ್ನೆ: ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಸಣ್ಣದು. ಆದರೂ ಈ ಚಾನೆಲ್‌ನಲ್ಲಿ ಯಾಕೆ ನುಸುಳಲ್ಲ ಸರ್?
– ಬಿ.ಎಸ್ಸಿ ವಿದ್ಯಾರ್ಥಿ, ಯಾದಗಿರಿ

ಉತ್ತರ: ಒಳ್ಳೇ ಪ್ರಶ್ನೆ, ತಮ್ಮಾ. ಅಯಾನುಗಳು, ಅಂದರೆ ವಿದ್ಯುತ್ ಆವೇಶ ಇರುವ ಕಣಗಳು, ಮೈಗೆ ನೀರು ಸುತ್ತಿಕೊಂಡೇ ಓಡಾಡುತ್ತವೆ. ಚಾನೆಲ್‌ನ ಇಕ್ಕಟ್ಟಾದ ಭಾಗಕ್ಕೆ ಬಂದಾಗ ಆ ನೀರನ್ನು ಬಿಡಬೇಕು. ಅಲ್ಲಿನ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂ ಅಳತೆಗೆ ಸರಿಯಾಗಿ ನಿಂತಿವೆ, ನೀರಿನ ಜಾಗವನ್ನು ತಾವೇ ತುಂಬುತ್ತವೆ. ಸೋಡಿಯಂ ಸಣ್ಣದು, ಸುತ್ತಲೂ ಸರಿಯಾಗಿ ತಾಗುವುದಿಲ್ಲ. ದೊಡ್ಡ ಕೈಯ ಬಳೆ ಸಣ್ಣ ಕೈಯಲ್ಲಿ ನಿಲ್ಲುತ್ತಾ? ಹಾಗಾಗಿ ಅದಕ್ಕೆ ನೀರು ಬಿಡುವುದು ಲಾಭವಿಲ್ಲ. ಅಮೆರಿಕದ ವಿಜ್ಞಾನಿ ರೊಡೆರಿಕ್ ಮ್ಯಾಕಿನನ್ ತಂಡ 1998ರಲ್ಲಿ ಒಂದು ಬ್ಯಾಕ್ಟೀರಿಯಾದ ಚಾನೆಲ್‌ನ ರಚನೆ ಕಂಡುಹಿಡಿದು ಇದನ್ನು ತೋರಿಸಿತು. 2003ರಲ್ಲಿ ಅವರಿಗೆ ನೊಬೆಲ್ ಬಂತು. ಪರೀಕ್ಷೆಯಲ್ಲಿ ಬರೆಯುವಾಗ ಗಾತ್ರವನ್ನಷ್ಟೇ ಬರೆದು ನೀರಿನ ಮಾತು ಮರೆಯಬೇಡ.