ಫೀಸು ಬಿಟ್ಟರು ಅಂತ ಗದ್ದೆ ಅಡ ಇಡಬೇಡ, ತಮ್ಮಾ

ಪೆನ್ಸಿಲ್ವೇನಿಯಾದ ಸಣ್ಣ ಖಾಸಗಿ ಕಾಲೇಜೊಂದು ಅರ್ಧ ಫೀಸು ಬಿಟ್ಟು ಎಂಎಸ್ ಸೀಟು ಕೊಟ್ಟಿದೆ, ಅಪ್ಪ ನಾಲೆ ಬಯಲಿನ ಗದ್ದೆ ಅಡ ಇಟ್ಟು ಸಾಲ ತೆಗೀತಾರೆ, ಬರಲಾ ಅಣ್ಣಾ ಅಂತ ಕೇಳಿದ್ದೀಯ. ಚಳಿ, ಅಡುಗೆ ವಿಚಾರನೂ ಕೇಳಿದ್ದೀಯ. ಸ್ವೆಟರ್ ಹೊರಬೇಡ, ಕುಕ್ಕರ್ ಮರೀಬೇಡ, ಅಷ್ಟೇ. ಕಾಲೇಜಿನ ಮಾತು ಹಾಗಲ್ಲ.

ನಾನು ಬಂದಾಗಲೂ ಇಂಥದೇ ಕಾಗದ ಕೈಲಿತ್ತು. ಮಗನಿಗೆ ಸ್ಕಾಲರ್‌ಶಿಪ್ ಅಂತ ಅಪ್ಪ ಸರಸ್ವತಿಪುರಂ ತುಂಬ ಹೇಳಿಕೊಂಡು ಬಂದರು. ಇಲ್ಲಿ ನೋಡಿದರೆ ಬಹಳಷ್ಟು ಖಾಸಗಿ ಕಾಲೇಜುಗಳಲ್ಲಿ ಪೂರಾ ಫೀಸು ಕಟ್ಟೋರೇ ಕಮ್ಮಿ. ಹೊಸದಾಗಿ ಡಿಗ್ರಿಗೆ ಸೇರೋರಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿನೇ ಬಿಡ್ತಾರೆ. ಸೀಟು ತುಂಬಬೇಕಲ್ಲ!

ತುಂಬೋಕೆ ಮಕ್ಕಳು ಬೇಕು. 2007ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಕೂಸು ಹುಟ್ಟಿದವು. ಮರುವರ್ಷ ಬ್ಯಾಂಕುಗಳು ಮುಳುಗಿ ಕೆಲಸಗಳು ಹೋದವು, ಹುಟ್ಟೋದೂ ಇಳೀತಾ ಬಂತು. 2007ರ ಆ ಕೂಸುಗಳಿಗೆ 2025ಕ್ಕೆ ಹದಿನೆಂಟು, ಅಂದರೆ ಕಾಲೇಜು ಸೇರೋ ವಯಸ್ಸು, ತುಂಬಿತು. ಇನ್ನು ಮುಂದೆ ಇಳಿಮುಖವೇ, ಅದರಲ್ಲೂ ಸಣ್ಣ ಕಾಲೇಜುಗಳು ಒತ್ತೊತ್ತಾಗಿರೋ ಈಶಾನ್ಯದ ಕಡೆ. ಅದಕ್ಕೇ ಎಂಎಸ್ ಅಂತ ನಮ್ಮ ಕಡೆ ಹುಡುಗರನ್ನ ಕರೆಯೋದು. ಫೀಸು ಬಿಟ್ಟೂ ಬಿಟ್ಟೂ ಬೊಕ್ಕಸ ಬರಿದಾದವು ಬಾಗಿಲು ಹಾಕ್ತವೆ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಮುಚ್ಚುತ್ತೆ ಅಂತ ಸುದ್ದಿ ಬಂದಿದ್ದು 2024ರ ಮೇ 31ಕ್ಕೆ, ಬೀಗ ಬಿದ್ದಿದ್ದು ಜೂನ್ 7ಕ್ಕೆ.

ನಾನು ಓದಿದ ಕಾಲೇಜೂ ಈಗಿಲ್ಲ. ಮಹಾರಾಜ ಕಾಲೇಜು ನೋಡಿಕೊಂಡು ಬೆಳೆದ ನಮಗೆ ಕಾಲೇಜು ಅನ್ನೋದು ಮುಚ್ಚಿಹೋಗುತ್ತೆ ಅಂತ ತಲೆಗೇ ಹೋಗಲ್ಲ. ಮಗಳಿಗೆ ತೋರಿಸೋಣ ಅಂತ ಕರಕೊಂಡು ಹೋದರೆ ಗೇಟಿನ ಮೇಲೆ ಬೇರೆ ಯಾವುದೋ ಹೆಸರು. ಅವಳಿಗೆ ಏನೂ ಅನ್ನಿಸಲಿಲ್ಲ, ನನಗೆ ಇವತ್ತಿಗೂ ಸಂಕಟ. ನನ್ನ ಓದಾದರೂ ಮುಗಿದಿತ್ತು. ನಡುವೆ ಸಿಕ್ಕಿಕೊಂಡೋರು ವೀಸಾ ಉಳಿಸಿಕೊಳ್ಳೋಕೆ ಇನ್ನೊಂದು ಕಾಲೇಜಿಗೆ ವರ್ಗ ಆಗಬೇಕು, ಅವರು ಹಳೇ ಕ್ರೆಡಿಟ್, ಅಂದರೆ ಅಲ್ಲೀವರೆಗೆ ಓದಿ ಮುಗಿಸಿದ ಪಾಠಗಳ ಲೆಕ್ಕ, ಒಪ್ಪಬೇಕು, ಫೀಸು ಬಿಡ್ತಾರೋ ಇಲ್ಲವೋ. ಕಾರ್ಖಾನೆ ನಿಂತರೆ ಗದ್ದೇಲಿರೋ ಕಬ್ಬಿನ ಗತಿ ಏನು ಅಂತ ಮಂಡ್ಯದವನಿಗೆ ನಾನು ಹೇಳಬೇಕಾ?

ಬರಬೇಡ ಅಂತಿಲ್ಲ ಕಣಪ್ಪಾ. ಲಾಭಕ್ಕಲ್ಲದ ಬಹುಪಾಲು ಕಾಲೇಜುಗಳು ತೆರಿಗೆ ಇಲಾಖೆಗೆ ಕೊಡೋ ಫಾರ್ಮ್ 990 ಯಾರು ಬೇಕಾದರೂ ನೋಡಬಹುದು. ಈಚಿನ ಮೂರ್ನಾಲ್ಕು ವರ್ಷದ್ದು ತೆಗೆದು ಜಮಾ ಖರ್ಚು ನೋಡು. ಮಕ್ಕಳ ಸಂಖ್ಯೆ ವರ್ಷಾ ವರ್ಷ ಇಳೀತಿದೆಯಾ, ಎರಡನೇ ವರ್ಷಕ್ಕೂ ಇದೇ ರಿಯಾಯಿತಿ ಇರುತ್ತಾ, ಇಮೇಲ್‌ನಲ್ಲಿ ಕೇಳು. ಫೋನಲ್ಲಿ ಎಲ್ಲಾ ಚೆನ್ನಾಗೇ ಹೇಳ್ತಾರೆ. ಉತ್ತರ ಬರೋವರೆಗೂ ಬ್ಯಾಂಕಿನವರ ಕಾಗದಕ್ಕೆ ಅಪ್ಪನ ಸಹಿ ಬೇಡ.