ಮೋಡ ಆಯ್ತು ಅಂತ ಶೂಟ್ ಕ್ಯಾನ್ಸಲ್ ಮಾಡ್ಬೇಡ್ರಿ

ಆಷಾಢ ಶುರುವಾದ್ರೆ ನಂಗೆ ಬರೋ ಮೆಸೇಜಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಪ್ರತಿಯೊಬ್ರಿಗೂ ಬೇರೆಬೇರೆ ಬರೆದು ಸಾಕಾಗೈತೆ, ಅದಕ್ಕೆ ಈ ಸಲ ಇದಕ್ಕೊಂದು ಪೂರ್ತಿ ಉತ್ತರ, ಉಳಿದವು ಕೊನೇಲಿ.

ಪ್ರಶ್ನೆ: ಸರ್, ಶ್ರಾವಣದಲ್ಲಿ ತಂಗಿ ಮದುವೆ. ಭಾನುವಾರ ದುರ್ಗದ ಕೋಟೇಲಿ ಪ್ರೀ ವೆಡ್ಡಿಂಗ್ ಶೂಟ್ ಇಟ್ಕೊಂಡಿದೀವಿ, ದಿನಾ ಮೋಡ. ಬಿಸಿಲಿಲ್ದಿದ್ರೆ ಕ್ಲಾರಿಟಿ ಬರಲ್ಲ, ಮುಂದಕ್ಕೆ ಹಾಕಿ ಅಂತಾರೆ ಫೋಟೋಗ್ರಾಫರ್. ಏನ್ಮಾಡ್ಲಿ? (ದಾವಣಗೆರೆ)

ಉತ್ತರ: ಮುಂದಕ್ಕೆ ಹಾಕ್ಬೇಡ್ರಿ. ಕ್ಲಾರಿಟಿ ಬರೋದು ಫೋಕಸ್ಸಿಂದ, ಕೈ ಅಲುಗಾಡದೇ ಇರೋದ್ರಿಂದ, ಬಿಸಿಲಿಂದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನಿಂತು ಒಂದು ಅಂಗೈ ಮೇಲೆ ಇನ್ನೊಂದು ಕೈ ಬೆರಳು ಅಡ್ಡ ಹಿಡೀರಿ, ನೆರಳಿನ ಅಂಚು ಬ್ಲೇಡಲ್ಲಿ ಕುಯ್ದಂಗಿರ್ತೈತೆ. ನಿಮ್ಮ ತಂಗಿ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಬೀಳೋದೂ ಅದೇ ನೆರಳು. ಮೋಡ ಮುಚ್ಚಿದಾಗ ಹಂಗೇ ಹಿಡಿದು ನೋಡ್ರಿ, ನೆರಳನ್ನ ಹುಡುಕ್ಬೇಕು. ಸೂರ್ಯ ನಮ್ ಕಣ್ಣಿಗೆ ಬರೀ ಅರ್ಧ ಡಿಗ್ರಿಯಷ್ಟು ಸಣ್ಣ ಬಿಲ್ಲೆ, ಮೋಡ ಬಂದ್ರೆ ಇಡೀ ಆಕಾಶವೇ ಲೈಟು. ಸ್ಟುಡಿಯೋದವ್ರು ದುಡ್ಡು ಕೊಟ್ಟು ಸಾಫ್ಟ್‌ಬಾಕ್ಸ್ (ಲೈಟಿಗೆ ಬಿಳಿ ಬಟ್ಟೆ ಹೊದಿಸಿದ ಪೆಟ್ಟಿಗೆ) ತರೋದು ಇದಕ್ಕೇ ಅಲ್ವಾ?

ಬೆಳಕು ಕಮ್ಮಿ ಆಗೋದು ನಿಜ. ಫಿಲ್ಮ್ ಕಾಲದ ಲೆಕ್ಕದಲ್ಲಿ ಐಎಸ್‌ಒ 100 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ), ಶಟರ್ 1/100 ಸೆಕೆಂಡ್ ಇಟ್ರೆ ಬಿಸಿಲಿಗೆ ಎಫ್16 (ಲೆನ್ಸಿನ ಕಿಂಡಿ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ದಟ್ಟ ಮೋಡಕ್ಕೆ ಎಫ್5.6, ಅಂದ್ರೆ ಮೂರು ಸ್ಟಾಪು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ), ಎಂಟು ಪಟ್ಟು ಕಮ್ಮಿ. ಈಗಿನ ಕ್ಯಾಮೆರಾ ಐಎಸ್‌ಒ 800ಕ್ಕೆ ಏನೂ ಅನ್ನಲ್ಲ. ಆದ್ರೆ ಆಷಾಢದ ಗಾಳಿಗೆ ಮೋಡ ಓಡ್ತಾ ಇರ್ತವೆ, ಒಂದು ನಿಮಿಷ ಬಿಸಿಲು ಒಂದು ನಿಮಿಷ ಮಬ್ಬು, ಹಂಗಾಗಿ ಬೆಳಿಗ್ಗೆ ಮ್ಯಾನ್ಯುಯಲಲ್ಲಿ ಸೆಟ್ ಮಾಡಿ ಮರೆತುಬಿಟ್ರೆ ಅರ್ಧ ಫೋಟೋ ಹಾಳು.

ಮೋಡದ ನಿಜವಾದ ತೊಂದ್ರೆ ಬೇರೆ ಐತೆ. ಬೆಳಕು ನೆತ್ತಿ ಮೇಲಿಂದಲೇ ಜಾಸ್ತಿ ಬರ್ತೈತೆ, ಬಯಲಲ್ಲಿ ನಿಲ್ಲಿಸಿದ್ರೆ ಕಣ್ಣು ಗುಳಿ ಬಿದ್ದಂಗೆ ಕಾಣ್ತಾವೆ. ಕೋಟೇಲಿ ಇದಕ್ಕೆ ಔಷಧಿ ರೆಡಿ ಐತೆ. ಯಾವ್ದಾದ್ರೂ ಬಾಗಿಲಿನ ಒಳಗೆ, ಅಂಚಿಂದ ಎರಡು ಹೆಜ್ಜೆ ಹಿಂದೆ, ಮುಖ ಹೊರಗೆ ಮಾಡಿ ನಿಲ್ಲಿಸ್ರಿ. ಮೇಲಿನ ಬೆಳಕಿಗೆ ಕಲ್ಲು ಅಡ್ಡ ಬಂತು, ಎದುರಿನ ಆಕಾಶ ಮಾತ್ರ ಮುಖಕ್ಕೆ ಬಿತ್ತು, ಕಣ್ಣಲ್ಲಿ ಆ ಬಿಳಿ ಮಿಂಚು ಕಾಣ್ತೈತೆ ನೋಡ್ರಿ, ಅಷ್ಟೇ ಬೇಕಾಗಿರೋದು. ಬಿಳಿ ಆಕಾಶ ಆದಷ್ಟೂ ಫ್ರೇಮಿಂದ ಹೊರಗಿಡ್ರಿ, ಇಡಲೇಬೇಕಂದ್ರೆ ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳಗಿರ್ಬೇಕು ಅನ್ನೋ ಸೆಟ್ಟಿಂಗ್) ಪ್ಲಸ್ ಒಂದು ಏರಿಸ್ರಿ, ಇಲ್ದಿದ್ರೆ ಕ್ಯಾಮೆರಾ ಆಕಾಶ ನೋಡಿ ಮೋಸ ಹೋಗಿ ಮುಖ ಕಪ್ಪು ಮಾಡ್ತೈತೆ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿಮಾಡೋ ಸೆಟ್ಟಿಂಗ್) ಕ್ಲೌಡಿಗೆ ಹಾಕ್ರಿ, ಮೋಡದ ಬೆಳಕು ನೀಲಿ ಕಡೆಗಿರ್ತೈತೆ, ಬೆಳಕಿನ ಬಣ್ಣದ ಅಳತೇಲಿ ಸುಮಾರು 6500 ಕೆಲ್ವಿನ್, ಅರಿಶಿನ ಬಣ್ಣದ ಸೀರೆ ಸಪ್ಪೆ ಆಗೋದು ಅದಕ್ಕೇ.

ಬಂಡೆ, ಬುರುಜು ಮಾತ್ರ ಮೋಡದಲ್ಲಿ ಚಪ್ಪಟೆ ಕಾಣ್ತವೆ, ಒಪ್ತೀನಿ. ಕಲ್ಲಿನ ಉಬ್ಬುತಗ್ಗು ಎದ್ದು ಕಾಣ್ಬೇಕಂದ್ರೆ ಬೆಳಿಗ್ಗೆ ಪಕ್ಕದಿಂದ ಬೀಳೋ ಬಿಸಿಲೇ ಬೇಕು, ಅದಕ್ಕೆ ವೈಡ್ ಶಾಟ್ ಮೋಡ ಸರಿದಾಗ ತಗೀರಿ, ಮುಖದ್ದು ಮೋಡ ಮುಚ್ಚಿದಾಗ.

ಆಮೇಲೆ "ಆಕಾಶ ಚೇಂಜ್ ಮಾಡಿಕೊಡ್ತೀವಿ" ಅಂತ ಎಕ್ಸ್‌ಟ್ರಾ ದುಡ್ಡು ಕೇಳೋರಿಗೆ ಒಂದು ಪೈಸೆ ಕೊಡ್ಬೇಡ್ರಿ. ಮುಖದ ಮೇಲೆ ನೆರಳೇ ಇಲ್ಲ, ಹಿಂದೆ ಮಾತ್ರ ಕೆಂಡದಂಥ ಸೂರ್ಯಾಸ್ತ! ಮನೇಲಿರೋ ಅಜ್ಜಿಗೂ ಗೊತ್ತಾಗ್ತೈತೆ.

ಇನ್ನೊಂದು, ಇದನ್ನ ದಯವಿಟ್ಟು ಕೇಳ್ರಿ. ಗುಡುಗು ಕೇಳಿಸ್ತಾ, ಬಂಡೆ ತುದಿ ಬಿಟ್ಟು ತಕ್ಷಣ ಕೆಳಗಿಳೀರಿ, ಇನ್ನೊಂದು ಫೋಟೋ ಅಂತ ನಿಲ್ಬೇಡ್ರಿ. ಮಳೆ ಬಿದ್ದ ಕಲ್ಲು ವಿಪರೀತ ಜಾರ್ತೈತೆ, ನನ್ನ ಜೊತೆ ಬಂದಿದ್ದ ಹುಡುಗ ಒಬ್ಬ ಕ್ಯಾಮೆರಾ ಉಳಿಸೋಕೆ ಹೋಗಿ ಮಣಿಕಟ್ಟು ಮುರ್ಕೊಂಡ. ಆವತ್ತಿಂದ ಒದ್ದೆ ಬಂಡೆ ಮೇಲೆ ನಾನು ಯಾರನ್ನೂ ಹತ್ತಿಸಲ್ಲ, ಮದುಮಗಳನ್ನಂತೂ ಇಲ್ಲವೇ ಇಲ್ಲ.

ಈಗ ಉಳಿದ ಪ್ರಶ್ನೆಗಳು. ಮೋಡದ ಆಕಾಶನ ನೀಲಿ ಮಾಡೋ ಫಿಲ್ಟರ್ ಯಾವ್ದು? ಇಲ್ಲ. ಸಿಪಿಎಲ್ (ಲೆನ್ಸ್ ಮುಂದೆ ಹಾಕಿ ತಿರುಗಿಸೋ, ಹೊಳಪು ಕಮ್ಮಿ ಮಾಡೋ ಫಿಲ್ಟರ್) ಗಾಢ ಮಾಡೋದು ನೀಲಿ ಆಕಾಶನ, ಅದೂ ಸೂರ್ಯನಿಗೆ 90 ಡಿಗ್ರಿ ಪಕ್ಕದ್ದನ್ನ. ಒದ್ದೆ ಎಲೆ ಹೊಳಪು ತೆಗೆಯೋಕೆ ಬೇಕಿದ್ರೆ ತಗೊಳ್ರಿ.

ಪ್ರೀಸೆಟ್ ಪ್ಯಾಕ್ (ಒಂದೇ ಒತ್ತಿಗೆ ಫೋಟೋ ಬಣ್ಣ ಬದಲಿಸೋ ರೆಡಿ ಸೆಟ್ಟಿಂಗ್) ಕೊಳ್ಳಲಾ? ಬೇಡ.

ಸೂಳೆಕೆರೆ ಏರಿ ಮೇಲೆ ಸೂರ್ಯ ಮುಳುಗೋವರೆಗೂ ನಿಂತೆ, ಬಣ್ಣವೇ ಬರ್ಲಿಲ್ಲ. ಯಾಕೆ? ಬೇಗ ಹೊರಟ್ರಿ. ಎತ್ತರದ ತೆಳು ಮೋಡಕ್ಕೆ ಬಣ್ಣ ಏರೋದು ಸೂರ್ಯ ಮುಳುಗಿದ್ಮೇಲೆ, ಕೆಳಗಿಂದ ಬೆಳಕು ಬಿದ್ದಾಗ. ಇನ್ನೊಂದು ಕಾಲು ಗಂಟೆ ನಿಲ್ರಿ.